ಮಾವನ ಗದ್ದೆಗೆ ನಾನು ಬಿಟ್ಟ ನೀರು

ಹುಣಸಗಿ ಹತ್ತಿರ ಕಾಲುವೆಯ ಗೇಟಿಗೆ ನಾನೇ ನೀರಗಂಟಿ. ನಾನು ಚಾವಿ ತಿರುಗಿಸಿದರೆ ನೀರುಂಟು, ಇಲ್ಲದಿದ್ದರೆ ಇಲ್ಲ. ಇಂಥ ಮಹಾ ಅಧಿಕಾರಿಗೆ ತನ್ನದೊಂದು ಮದುವೆ ಕುದುರಿಸಲು ಬಾರದೇ?

ಹುಡುಗಿ ಪದ್ಮ. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಕ್ಯಾಂಪಿನಲ್ಲಿ ಭತ್ತ ಬೆಳೆಯುತ್ತಿದ್ದ ಸಾಂಬಯ್ಯನವರ ಮಗಳು. ನೀರಿನ ಪಾಳಿ ಕೇಳಲು ಗೇಟಿಗೆ ಬರುತ್ತಿದ್ದವಳು, ಬರಬರುತ್ತ ಪಾಳಿ ಇಲ್ಲದ ದಿನವೂ ಬರತೊಡಗಿದಳು. ಆದರೆ ದೇವಾಪುರದ ನಮ್ಮಪ್ಪನದು ಒಂದೇ ಮಾತು: "ಪ್ರೀತಿ-ಗೀತಿ ನಮ್ಮ ಮನ್ಯಾಗ ನಡ್ಯಾಂಗಿಲ್ಲ. ಹಿರ್ಯಾರು ನೋಡಿದ ಹೆಣ್ಣೇ ಆಗಬೇಕು!"

ಸೋದರಮಾವನ ಕೈಕಾಲು ಹಿಡಿದೆ. ಹೆಣ್ಣನ್ನು ತಾನೇ ಹುಡುಕಿದವನಂತೆ ಅವನು ಅಪ್ಪನಿಗೆ ಹೇಳಿದ: "ಅವರೂ ಶಿವಪೂಜಿ ಮಂದಿನೇ ಭಾವಾ, ಭಾಷಿ ಒಂದು ಬ್ಯಾರೆ." ಅಪ್ಪ ಗೊಣಗುತ್ತ ಒಪ್ಪಿದ. ಪದ್ಮ, ನಾನು ಒಬ್ಬರಿಗೊಬ್ಬರು ಗುರುತೇ ಇಲ್ಲದವರಂತೆ ಇರಬೇಕೆಂದು ಕರಾರಾಯಿತು.

ಇಷ್ಟಕ್ಕೇ ಸುಮ್ಮನಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹೆಣ್ಣು ನೋಡುವ ಹಿಂದಿನ ಸಂಜೆ ಭಾವಿ ಮಾವನಿಗೊಂದು ಕಾಣಿಕೆ ಕೊಡೋಣವೆನಿಸಿತು. ಪಾಳಿ ಇರಲಿಲ್ಲ. ಆದರೂ ಅವರ ಗದ್ದೆಗೆ ಭರ್ತಿ ನೀರು ಬಿಟ್ಟೆ! ಆ ಹಾಳು ಬುದ್ಧಿ ಕೊಟ್ಟವನು ಸಿಕ್ಕಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ. ಕೊಟ್ಟವನು ನಾನೇ!

ಜೋಳದ ರೊಟ್ಟಿ ತಿಂದು ಬೆಳೆದವನು ನಾನು. ಭತ್ತಕ್ಕೆ ಯಾವಾಗಲೂ ನೀರು ನಿಂತಿರಬೇಕೆಂದೇ ತಿಳಿದಿದ್ದೆ. ಕೊಯ್ಲಿಗೆ ಮುಂಚೆ ನೀರು ಬಸಿದು ಗದ್ದೆ ಒಣಗಿಸುತ್ತಾರೆಂದು ಯಾವನಾದರೂ ಒಬ್ಬ ಹೇಳಬಾರದಿತ್ತೇ?

ಮರುದಿನ ಬೆಳಿಗ್ಗೆ ಅಪ್ಪ, ಸೋದರಮಾವನ ಜೊತೆ ಹೆಣ್ಣು ನೋಡಲು ಹೋದರೆ ಕ್ಯಾಂಪಿನಲ್ಲಿ ರಣರಂಗ. ಮಾಗಿದ ಭತ್ತವೆಲ್ಲ ನೀರಿನಲ್ಲಿ ಅಡ್ಡ ಬಿದ್ದಿತ್ತು.

"ಏಮಯ್ಯಾ ನೀರಗಂಟಿ!" ಸಾಂಬಯ್ಯ ಕೂಗಿದರು. "ಮಗಳ ಮದುವೆ ಅನ್ನಕ್ಕೆ ಅಂತ ಇಟ್ಟ ಗದ್ದೆ ಇದು. ಯಾವನು ಬಿಟ್ಟ ನೀರು?"

ನನ್ನ ಬಾಯಿ ನನಗಿಂತ ಮುಂದೆ ಓಡಿತು. "ಯಾವನೋ ಕಳ್ಳ ಕೀಲಿ ಮುರಿದಾನ್ರಿ! ಕೈಗೆ ಸಿಗಲಿ, ಕಾಲು ಮುರೀತೀನಿ!"

"ಹೆಡಮುರಿಗಿ ಕಟ್ಟಿ ಒದೀಬೇಕ್ರಿ ಅಂಥಾ ಮುಠ್ಠಾಳನ್ನ!" ಎಂದು ಅಪ್ಪನೂ ಎದ್ದ. ಭಾಷೆ ಬೇರೆಯಾದ ಇಬ್ಬರು ಹಿರಿಯರು ಬೈಗುಳದಲ್ಲಿ ಒಂದಾದರು. ನಾನು ಅವರಿಬ್ಬರಿಗಿಂತ ಜೋರಾಗಿ ಬೈದೆ.

ಆಗ ಒಳಗಿನಿಂದ ಪದ್ಮ ಬಂದಳು. ತಟ್ಟೆಯಲ್ಲಿ ಚಹಾ ಇತ್ತು, ಚಹಾದ ಪಕ್ಕದಲ್ಲಿ ಕೆಂಪು ದಾರ ಕಟ್ಟಿದ ಗೇಟಿನ ಚಾವಿ! ಸಿಟ್ಟಿಗೆ ಅವಳ ಮೂಗು ಕೆಂಪಾಗಿತ್ತು.

"ಕೀಲಿ ಯಾರೂ ಮುರದಿಲ್ಲ. ಚಾವಿ ಗೇಟಿನಾಗೇ ಇತ್ತು. ಕಳೀಬಾರದು ಅಂತ ಈ ಕೆಂಪು ದಾರ ನಾನೇ ಕಟ್ಟಿಕೊಟ್ಟಿದ್ದೆ ಇವರಿಗೆ. ಕಳ್ಳನ ಕಾಲು ಮುರೀತೀರಿ? ಮುರೀರಿ ನೋಡೋಣು!"

"ನೀ ಕಟ್ಟಿದಿ? ಇವನಿಗೆ?" ಎಂದರು ಸಾಂಬಯ್ಯ. ಸೋದರಮಾವ ಚಪ್ಪಲಿ ಹುಡುಕತೊಡಗಿದ. ಮದುವೆ ಮುರಿಯಿತೆಂದೇ ನಾನು ತಿಳಿದೆ.

ಅಪ್ಪ ನನ್ನನ್ನು ನೋಡಿದ, ಅವಳನ್ನು ನೋಡಿದ. "ಸಾಂಬಯ್ಯನವ್ರ, ಈ ಸುಳ್ಳಬುರುಕನ್ನ ಹದ್ದಬಸ್ತಿನಾಗ ಇಡಾಕ ನಿಮ್ಮ ಹುಡುಗೀನೇ ಬೇಕ್ರಿ."

"ಮೊದಲು ಗದ್ದೆ ಕೊಯ್ಯಲಿ," ಸಾಂಬಯ್ಯ ಹಲ್ಲು ಕಡಿದರು. "ಮುಹೂರ್ತ ಆಮೇಲೆ."

ಹೊಸ ಧೋತರದಲ್ಲೇ ಮೊಣಕಾಲುದ್ದ ಕೆಸರಿಗೆ ಇಳಿದೆ. ಬದುವಿನ ಮೇಲೆ ನಿಂತು ಪದ್ಮ ಬೈಯುತ್ತಲೇ ಇದ್ದಳು.

ಮದುವೆಯಾಯಿತು. ಕಾಲುವೆಯ ಗೇಟು ಈಗಲೂ ನನ್ನ ಕೈಯಲ್ಲೇ ಇದೆ. ಮನೆಯ ನಳ ಮಾತ್ರ ಮುಟ್ಟುವಂತಿಲ್ಲ. ಕಾಲು ತೊಳೆಯಬೇಕಾದರೂ ಪದ್ಮ ಬಂದು ತಿರುಗಿಸಬೇಕು!