ಏಳು ದ್ವೀಪ, ಎರಡು ಮಂಡಿ

ನಮ್ಮ ಮನೆಯಲ್ಲಿ ಪ್ರವಾಸಕ್ಕಿಂತ ಪ್ರವಾಸದ ತೀರ್ಮಾನದಲ್ಲೇ ನಡೆಯಬಾರದ್ದೆಲ್ಲ ನಡೆದುಹೋಗುತ್ತದೆ. ಯಜಮಾನ ನಾನಾಗಿರುವುದರಿಂದ ಇದು ಸಹಜ. ತೊಂಬತ್ತರ ದಶಕದ ಕೊನೆಯಲ್ಲಿ ನಾನು, ನನ್ನಾಕೆ, ಅಮ್ಮ ಅಂಡಮಾನಿಗೆ ಹೊರಟೆವು. ಅಮ್ಮ ಇಲವಾಲದಲ್ಲಿ ಹುಟ್ಟಿ ಮೈಸೂರಿಗೆ ಸೊಸೆಯಾಗಿ ಬಂದವಳು. ಎಪ್ಪತ್ತು ದಾಟಿದ್ದರೂ ಅವಳು ಕಂಡಿದ್ದ ದೊಡ್ಡ ನೀರೆಂದರೆ ಕನ್ನಂಬಾಡಿ ಕಟ್ಟೆಯ ಹಿನ್ನೀರು. "ಮಂಡಿ ಪೂರ್ತಿ ಕೈಕೊಡೋದ್ರೊಳಗೆ ಒಂದ್ಸಲ ಸಮುದ್ರ ತೋರಿಸ್ಬುಡು ಕಣೋ" ಅಂದಿದ್ದಳು. ಅವಳು ಕೇಳಿದ್ದು ಅಷ್ಟೇ. ದ್ವೀಪಗಳನ್ನು ಸೇರಿಸಿದ್ದು ನಾನು.

೧. ನನ್ನ ಯೋಗ್ಯತೆ

ನೆಂಟರು ಬಂದರೆ ಒಂದೇ ದಿನದಲ್ಲಿ ಹನ್ನೊಂದು ಜಾಗ ತೋರಿಸಿ, ಸಂಜೆ ದೀಪ ಹತ್ತುವ ಹೊತ್ತಿಗೆ ಬೃಂದಾವನಕ್ಕೆ ಮುಟ್ಟಿಸುವ ಗಂಡಸು ಮೈಸೂರಿನಲ್ಲಿ ನಾನೊಬ್ಬನೇ. ಒಮ್ಮೆ ನನ್ನ ಭಾವಮೈದ ಕಾರಂಜಿಯ ಮುಂದೆ ನಿಂತು ಕೇಳಿದ, "ಭಾವ, ಅರಮನೆ ಯಾವಾಗ ನೋಡೋದು?"

"ನೋಡಾಯ್ತಲ್ಲೋ. ಬೆಳಿಗ್ಗೆ ಎಡಗಡೆ ಬರಲಿಲ್ವಾ?"

"ನಾನು ಕಾರಲ್ಲಿ ಬಲಗಡೆ ಕೂತಿದ್ದೆ."

ಜನ ಎಲ್ಲಿ ಕೂರುತ್ತಾರೆ ಅನ್ನುವುದಕ್ಕೆಲ್ಲ ನಾನು ಜವಾಬ್ದಾರನಲ್ಲ.

೨. ಊಟದ ಮೇಜಿನ ಮೇಲೆ

ಇಂಥ ಅನುಭವಸ್ಥನಾದ ನಾನು ಅಂಡಮಾನಿನ ನಕ್ಷೆ ಹರಡಿ, ಐದು ದಿನಕ್ಕೆ ಏಳು ದ್ವೀಪ ಅಂತ ಗೆರೆ ಎಳೆದೆ. ನನ್ನಾಕೆ ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿದಳು, "ಏಳು ಕಡೆ ಪೆಟ್ಟಿಗೆ ಬಿಚ್ಚಿ ಕಟ್ಟೋರು ಯಾರು?"

"ನಾನೇ."

"ಮದುವೆಯಾದಾಗಿಂದ ಒಂದು ಟವೆಲ್ ಮಡಚಿದ್ದೀರಾ?"

ಮರ್ಯಾದೆಯಾಗಿ ಆರಕ್ಕೆ ಇಳಿದೆ. ಒಳಗಿನಿಂದ ಅಮ್ಮ, "ಸಮಸಂಖ್ಯೆ ಬೇಡಪ್ಪ, ಒಳ್ಳೆ ಕೆಲಸಕ್ಕೆ ಹೊರಟಿದ್ದೀವಿ" ಅಂದಳು. ದೈವವೇ ನನ್ನ ಪಕ್ಷ ಅಂದುಕೊಂಡು ಮತ್ತೆ ಏಳು ಬರೆಯಲು ಪೆನ್ನು ತೆಗೆದೆ.

"ಐದೂ ಬೆಸವೇ ಕಣ್ರೀ. ಒಂದೂ ಬೆಸವೇ" ಅಂದಳು ನನ್ನಾಕೆ.

೩. ನಡುವೆ ಇರುವುದು

ಐದರ ಪಟ್ಟಿ ಹಿಡಿದು ದೇವರಾಜ ಮೊಹಲ್ಲಾದ ಟ್ರಾವೆಲ್ಸಿನವರ ಹತ್ತಿರ ಹೋದೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಇಪ್ಪತ್ತು ನಿಮಿಷ ಇಟ್ಟಿದ್ದೆ. ಮೈಸೂರಿಂದ ಶ್ರೀರಂಗಪಟ್ಟಣಕ್ಕೇ ಅಷ್ಟು ಸಾಕಾಗುತ್ತದಲ್ಲ. ಆತ ಪಟ್ಟಿಯನ್ನು ಎರಡು ಸಲ ಓದಿ ಬಹಳ ವಿನಯವಾಗಿ ಹೇಳಿದ, "ಸರ್, ಮಧ್ಯೆ ನೀರಿರುತ್ತೆ. ಕೆಲವು ಕಡೆ ದೋಣಿ ಬಿಡೋದೇ ದಿನಕ್ಕೊಂದು."

ಹಾಗಾಗಿ ಮೂರಾಯಿತು. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ನೀರೊಂದು ಬಿಟ್ಟುಹೋಗಿತ್ತು.

೪. ಅಭ್ಯಾಸ

ಅಮ್ಮನ ಮಂಡಿ ದೋಣಿಗೆ ಒಗ್ಗುತ್ತದೋ ಇಲ್ಲವೋ ನೋಡಲು ರಂಗನತಿಟ್ಟಿಗೆ ಕರೆದೊಯ್ದೆ. ಅವಳನ್ನು ಹತ್ತಿಸಲು ಅಂಬಿಗ ದೋಣಿಯೊಳಗಿಂದ ಎಳೆದ, ನಾನು ಹಿಂದಿನಿಂದ ತಳ್ಳಿದೆ, ನನ್ನಾಕೆ ದಡದಿಂದ ಸಲಹೆ ಕೊಟ್ಟಳು. ಬಂಡೆಯ ಮೇಲೆ ಮಲಗಿದ್ದ ಮೊಸಳೆ ಕಾದೂ ಕಾದೂ ಬೇಸತ್ತು ನೀರಿಗೆ ಇಳಿಯಿತು. ಸುತ್ತು ಮುಗಿದು ದೋಣಿ ದಡಕ್ಕೆ ಬಂದಾಗ ಅಮ್ಮ, "ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ ದೋಣಿ ಹತ್ತಿಳೀತೀನಿ. ಅದರ ಮೇಲೆ ನನ್ನ ಕೇಳಬೇಡ" ಅಂದಳು. ಅಲ್ಲಿಗೆ ಒಂದೇ ದ್ವೀಪ. ನಾನು ಕೇಳಿಸದವನ ಹಾಗೆ ಮೂರನ್ನೇ ಇಟ್ಟುಕೊಂಡೆ.

ಅಷ್ಟರಲ್ಲಿ ಅಂಬಿಗ ನನ್ನನ್ನು ಪಕ್ಕಕ್ಕೆ ಕರೆದ. "ಇಳಿಸೋದು ಆಮೇಲೆ ನೋಡೋಣ ಸರ್. ಮೊದಲು ಸುಧಾರಿಸ್ಕೋಬೇಕು. ಅಜ್ಜಿಗಲ್ಲ, ನಂಗೆ."

೫. ಸಮುದ್ರ

ವಿಮಾನದಲ್ಲಿ ಕಿಟಕಿಯ ಪಕ್ಕ ನಾನೇ ಕೂತಿದ್ದೆ. ವಿಮಾನ ಇಳಿದು ಮೊದಲ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಅಮ್ಮ ಹೆದರಿ, ಕಣ್ಣು ಬಿಗಿಯಾಗಿ ಮುಚ್ಚಿ ನಂಜುಂಡೇಶ್ವರನನ್ನು ನೆನೆಯುತ್ತಿದ್ದಳು. ಹಾಗಾಗಿ ಅವಳು ಸಮುದ್ರ ಕಂಡಿದ್ದು ಮಾರನೇ ಬೆಳಿಗ್ಗೆ, ಮರಳಿನ ಮೇಲೆ ನಿಂತಾಗ.

ಆ ನೀರನ್ನು ಏನೆಂದು ಹೇಳಲಿ. ಯಾವುದನ್ನೂ ಇದ್ದಷ್ಟೇ ಹೇಳಿ ಅಭ್ಯಾಸವಿಲ್ಲದ ನನಗೂ ಅದಕ್ಕೆ ಒಂದಿಷ್ಟು ಸೇರಿಸಲು ತೋಚಲಿಲ್ಲ. ಅಮ್ಮ ದೇವಸ್ಥಾನದ ಮುಂದೆ ಬಿಡುವ ಹಾಗೆ ಚಪ್ಪಲಿ ಬಿಟ್ಟಳು. ಲಾಡ್ಜಿನವರ ಕುರ್ಚಿ ತಂದು ನೀರಿನಂಚಿನಲ್ಲಿ ಹಾಕಿ ಅವಳನ್ನು ಕೂರಿಸಿದೆವು. ಅಲೆ ಬಂದು ಮಂಡಿಯವರೆಗೆ ತೊಳೆದು ಹಿಂದೆ ಹೋಯಿತು. ಅಮ್ಮ ಮೆಲ್ಲಗೆ ಕೇಳಿದಳು, "ಇಷ್ಟೊಂದಾ?"

ನಾನು ಗಡಿಯಾರ ನೋಡಿಕೊಂಡೆ. "ಏಳಮ್ಮ, ಹತ್ತು ಗಂಟೆಗೆ ದೋಣಿ. ಇನ್ನೂ ಎರಡು ದ್ವೀಪ ಇದೆ."

"ಇದನ್ನೇ ಪೂರ್ತಿ ನೋಡಿಲ್ವಲ್ಲೋ. ಆ ಕಡೆ ತುದೀನೇ ಕಾಣ್ತಿಲ್ಲ."

"ದೋಣಿಯವನು ಕಾಯಲ್ಲಮ್ಮ."

ಅಮ್ಮ ಸ್ವಲ್ಪ ಯೋಚಿಸಿ ಒಪ್ಪಿದಳು. "ಸರಿ ಬುಡು. ಅಷ್ಟು ದೂರದಿಂದ ನನ್ನ ಕಡೇನೇ ಬರ್ತಾ ಇದೆ, ಮುಖ ತಿರುಗಿಸ್ಕೊಂಡು ಎದ್ದು ಹೋದ್ರೆ ಚೆನ್ನಾಗಿರಲ್ಲ. ಈ ಅಲೆ ಒಂದು ಬಂದು ಹೋಗ್ಲಿ, ಎದ್ದುಬುಡ್ತೀನಿ."

ನ್ಯಾಯವಾದ ಮಾತು. ನಾನೂ ಒಪ್ಪಿ ಪಕ್ಕದಲ್ಲೇ ಮರಳಿನ ಮೇಲೆ ಕೂತೆ. ಆ ಅಲೆ ಬಂದು ಹೋಗುವಷ್ಟರಲ್ಲಿ ನಾಲ್ಕು ದಿನ ಆಗಿ, ನನ್ನ ರಜೆ ಮುಗಿದಿತ್ತು.