ಜೋಕರನ ಗುರುತು

ಎಪ್ಪತ್ತರ ದಶಕದ ಮೊದಲಲ್ಲಿ, ಒಂದು ಶನಿವಾರ ಮಧ್ಯಾಹ್ನ ಸುಲ್ತಾನ್ ಬತ್ತೇರಿಯ ಪೊಲೀಸರು ಸರ್ಕಸ್ಸಿನ ಜೋಕರನೊಬ್ಬನನ್ನು ಹಿಡಿದರು. ಸುದ್ದಿ ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ಮೈಸೂರಿನ ಪತ್ರಿಕೆಗೆ ವಯನಾಡಿನ ವರದಿ ಕಳಿಸುವವನು ನಾನು. ನಕ್ಸಲೀಯರ ದಾಳಿ, ಜಮೀನಿನ ಗಲಾಟೆ, ಕಾಡಾನೆ ಎಲ್ಲವನ್ನೂ ಅಳುಕಿಲ್ಲದೆ ಬರೆದಿದ್ದೇನೆ. ಜೋಕರ್ ಎಂದರೆ ಮಾತ್ರ ಹೆದರಿಕೆ. ಯಾಕೆಂದು ಯೋಚಿಸಿಯೂ ಇದ್ದೇನೆ. ನಗುವುದಕ್ಕೆ ಮನುಷ್ಯನಿಗೆ ಏನಾದರೊಂದು ಕಾರಣ ಬೇಕು. ಇವನೋ ಮೊದಲೇ ನಗುವನ್ನು ಬಳಿದುಕೊಂಡು ಬರುತ್ತಾನೆ. ಸಿಟ್ಟು ಬಂದರೂ ಅದೇ ನಗು, ಹಸಿವಾದರೂ ಅದೇ ನಗು. ಎದುರಿಗಿರುವವನು ಮುಂದೇನು ಮಾಡುತ್ತಾನೆಂದು ನಾವು ತಿಳಿಯುವುದು ಮುಖ ನೋಡಿ. ಮುಖಕ್ಕೇ ಸುಣ್ಣ ಬಳಿದರೆ? ಇದನ್ನೆಲ್ಲ ಕೇಳಿದ ಹೆಂಡತಿ ಸರಸು, "ಜಮೀನ್ದಾರರು ವರ್ಷವಿಡೀ ಹಾಗೇ ನಗ್ತಾರೆ, ಅವರ ಮನೆ ಕಾಫಿ ಕುಡೀತೀರಲ್ಲ" ಎಂದಳು.

ಹಿಡಿದ ಕಾರಣ ಸರಳ. ನಕ್ಸಲೀಯರ ಹುಡುಕಾಟದಲ್ಲಿ, ಮುಖ ಮರೆಸಿಕೊಂಡು ತಿರುಗುವವರನ್ನೆಲ್ಲ ತಡೆಯಬೇಕೆಂದು ಆಗ ಆಜ್ಞೆಯಿತ್ತು. ಜೋಕರ್ ಬಣ್ಣ ಹಚ್ಚಿಕೊಂಡು ಜೀಪಿನಲ್ಲಿ ಸಂಜೆಯ ಆಟ ಸಾರುತ್ತ ಹೊರಟಿದ್ದ. ಠಾಣೆಯಲ್ಲಿ ಮುಖ ತೊಳೆಸಿದರು. ಬಣ್ಣದಡಿಯಿಂದ ಹೊರಬಂದದ್ದು ಗುಳಿಬಿದ್ದ ಕೆನ್ನೆ, ಕೆಂಪು ಕಣ್ಣು, ನಗುವೇ ಗೊತ್ತಿಲ್ಲದ ಬಾಯಿ. ಅನುಮಾನ ಇನ್ನೂ ಹೆಚ್ಚಾಯಿತು. ಕಂಪನಿಯವರ ಮಾತು ಸಾಲದು, ಊರಿನವರೊಬ್ಬರು ಗುರುತು ಹೇಳಬೇಕು. ಇಲ್ಲವಾದರೆ ಸಂಜೆಯ ವ್ಯಾನಿನಲ್ಲಿ ಕೋಝಿಕ್ಕೋಡಿನ ಜೈಲಿಗೆ. ಹಿಂದಿನ ದಿನ ಸರಸುವಿನ ಹಟಕ್ಕೆ ಆಟಕ್ಕೆ ಹೋಗಿದ್ದೆ; ಆಟ ನೋಡಿದ ವರದಿಗಾರನೆಂದು ನನ್ನನ್ನು ಕರೆಸಿದರು.

"ಆಳು ಇವನೇ ಅಲ್ಲವಾ ಸಾರೇ?" ಎಂದು ಕಾಸರಗೋಡಿನಿಂದ ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರ್ ಕೇಳಿದರು.

"ಬಣ್ಣವಿಲ್ಲದೆ ನೋಡಿಲ್ಲ" ಎಂದೆ. ಖಚಿತವಿಲ್ಲದ್ದನ್ನು ಹೇಳುವ ಅಭ್ಯಾಸ ನನಗಿಲ್ಲ.

"ಅಣ್ಣೋ, ಹೂಂ ಅನ್ನಿ, ನಿಮ್ ದಮ್ಮಯ್ಯ" ಎಂದು ಜೋಕರ್ ಕೈಮುಗಿದ. ಗುಂಡ್ಲುಪೇಟೆ ಕಡೆಯವನು.

ಕೊನೆಗೆ ಪೊಲೀಸರೇ ಬಣ್ಣದ ಡಬ್ಬಿ ತರಿಸಿದರು. ನನ್ನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು ಅವನು ಬಿಳಿ ಬಳಿದ, ಬಾಯಿ ಬರೆದ, ಕೆಂಪು ಮೂಗು ಸಿಕ್ಕಿಸಿ ನನ್ನತ್ತ ತಿರುಗಿದ. ನಾನು ಕುರ್ಚಿ ಸಮೇತ ಗೋಡೆಗೆ ತಾಗಿದೆ.

"ಇವನೇ! ಇವನೇ!"

ಇನ್ಸ್‌ಪೆಕ್ಟರ್ ಈಗ ನನ್ನನ್ನು ನೋಡತೊಡಗಿದರು. "ಇಷ್ಟು ಹೆದರುವವರು ಪತ್ರಿಕೆಯವರಾ? ಅದು ಸರಿ ಸಾರೇ, ನಿಮ್ಮ ಗುರುತು ಹೇಳುವವರು ಯಾರು?"

"ನಾ ಯೋಳ್ತೀನಿ ಬುದ್ಧಿ" ಎಂದಿತು ಆ ಬಣ್ಣದ ಬಾಯಿ. "ನೆನ್ನೆ ಆಟದಲ್ಲಿ ನಾ ಕೈ ಕುಲುಕಕ್ಕೆ ಹೋದ್ರೆ, ಹೆಂಡ್ರನ್ನ ಮುಂದಕ್ ತಳ್ಳುದೋರು ಇವ್ರೇಯ."

ಇಬ್ಬರನ್ನೂ ಬಿಟ್ಟರು. ಆಟ ಸಮಯಕ್ಕೆ ಸರಿಯಾಗಿ ಶುರುವಾಯಿತು. ನಾನು ಹೋಗಲಿಲ್ಲ. ಸರಸು ಹೋಗಿದ್ದಳು, ಮುಂದಿನ ಸಾಲಿನಲ್ಲಿ ಇನ್ಸ್‌ಪೆಕ್ಟರರ ಹೆಂಡತಿಯ ಪಕ್ಕ ಕೂತು, ಆಕೆಗೆ ಆ ಕೈಕುಲುಕಿನ ಘಟನೆಯ ಉಳಿದ ವಿವರಗಳನ್ನು ನೀಡಿದಳೆಂದು ತಿಳಿದುಬಂದಿದೆ.