ಕ್ಯಾನಿನ ತಳ ಮುಟ್ಟಿದ ಪೈಪು

"ಇನ್ಮೇಲೆ ಈ ಮನೆಯಿಂದ ಒಂದೇ ಒಂದು ಹನಿ ನೀರೂ ಪೋಲಾಗಲ್ಲ!"

ಅವಳು ಬಾಲ್ಕನಿಯಲ್ಲಿ ನಿಂತು ಹೀಗೆ ಘೋಷಿಸಿದಾಗ ಸಭೆಯಲ್ಲಿದ್ದವರು ಇಬ್ಬರೇ. ಒಬ್ಬ, ಬಾಯಿ ತುಂಬ ಪೇಸ್ಟಿನ ನೊರೆ ತುಂಬಿಕೊಂಡಿದ್ದ ಗಂಡ. ಇನ್ನೊಬ್ಬಳು, ಅವಳ ಸೊಂಟವೇರಿ ಕಿವಿಯೋಲೆ ಜಗ್ಗುತ್ತಿದ್ದ ಮಗಳು. ಗಂಡ ನೊರೆಯೊಳಗಿಂದಲೇ "ಹೂಂ" ಅಂದ. ಮಗಳು ಇನ್ನೊಮ್ಮೆ ಓಲೆ ಜಗ್ಗಿದಳು. ಠರಾವು ಸರ್ವಾನುಮತದಿಂದ ಪಾಸಾಯಿತು!

ವಿಷಯ ಇಷ್ಟೇ. ಅವರ ಮನೆಯ ಎಸಿ ಗೋಡೆಗೆ ನೇತುಹಾಕುವ ಜಾತಿಯದಲ್ಲ. ಯಂತ್ರ ನಡುಮನೆಯ ಸೀಲಿಂಗಿನೊಳಗೆ ಅಡಗಿ ಕೂತು, ಕೊಳವೆಗಳ ಮೂಲಕ ಕೋಣೆಕೋಣೆಗೂ ತಂಪು ಕಳಿಸುತ್ತದೆ. ಹಾಗೆ ತಂಪು ಮಾಡುವಾಗ ಅದಕ್ಕೆ ಬೆವರೂ ಬರುತ್ತದೆ. ಆ ಬೆವರು ಕೆಳಗಿನ ಟ್ರೇಗೆ ಇಳಿದು, ಸಣ್ಣ ಪೈಪಿನಲ್ಲಿ ಹರಿದು, ಬಾಲ್ಕನಿಯ ಮೂಲೆಯಲ್ಲಿ ಸುಮ್ಮನೆ ಚರಂಡಿ ಸೇರುತ್ತಿತ್ತು. ಅವಳ ಹೊಟ್ಟೆ ಉರಿಯಿತು. ನೆಲ ಒರೆಸಲು ಇದೇ ನೀರು ಆಗದೇ? ಆ ದಿನವೇ ಉದ್ದನೆಯ ಬಿಳಿ ಕ್ಯಾನೊಂದು ಮನೆಗೆ ಬಂತು. ಪೈಪನ್ನು ಅದರೊಳಗೆ ಇಳಿಸಿದಳು. ಅರೆಬರೆ ಕೆಲಸ ಅವಳ ಜಾಯಮಾನವೇ ಅಲ್ಲ; ನೀರು ಸಿಡಿಯಬಾರದೆಂದು ತಳ ಮುಟ್ಟುವ ತನಕ ಇಳಿಸಿದಳು.

ವಾರ ಕಳೆಯುವಷ್ಟರಲ್ಲಿ ನಡುಮನೆಯ ಸೀಲಿಂಗು ಅಳತೊಡಗಿತು.

ಮೊದಲು ಟಪ್. ಆಮೇಲೆ ಟಪ್ ಟಪ್. ಆಮೇಲೆ ಟ್ರೇ ತುಂಬಿ, ಅದರಲ್ಲಿದ್ದ ಕಾವಲು ಸ್ವಿಚ್ಚು "ಇನ್ನು ನನ್ನ ಕೈಲಾಗದು" ಎಂದು ಯಂತ್ರವನ್ನೇ ನಿಲ್ಲಿಸಿಬಿಡುತ್ತಿತ್ತು. ಯಂತ್ರ ನಿಂತರೆ ಅದರ ಗುಂಯ್‌ಗುಡುವಿಕೆ ನಿಲ್ಲುತ್ತದೆ. ಗುಂಯ್ ನಿಂತರೆ ಮಗಳು ಏಳುತ್ತಾಳೆ. ಆ ಮಗುವಿಗೆ ಮನೆಯಲ್ಲಿ ಇಟ್ಟ ಅಡ್ಡಹೆಸರು ಸೈರನ್. ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಬೇರೆ ದಿನಗಳಾಗಿದ್ದರೆ ಹೇಗೋ ಸುಧಾರಿಸುತ್ತಿದ್ದಳು. ಆದರೆ ಸೋಮವಾರ ಅವಳ ಹೆರಿಗೆ ರಜೆ ಮುಗಿಯುತ್ತಿತ್ತು. ಮಗುವನ್ನು ನೋಡಿಕೊಳ್ಳಲು ಅತ್ತೆ ಬಂದು ಇಳಿದಿದ್ದರು. ಸೋರುವ ಸೂರು, ನಿಲ್ಲುವ ಯಂತ್ರ, ಕೂಗುವ ಸೈರನ್ ಇಷ್ಟನ್ನೂ ಆ ಹಿರಿಯ ಜೀವದ ಕೈಗೆ ಕೊಟ್ಟು ಆಫೀಸಿಗೆ ಹೋಗುವುದು ಹೇಗೆ? ಹೋಗದೆ ಇರುವುದಾದರೂ ಹೇಗೆ?

ಶುಕ್ರವಾರ ಎಸಿ ರಿಪೇರಿಯವನು ಬಂದ. ಪೈಪನ್ನು ಕ್ಯಾನಿನಿಂದ ಹೊರಗೆ ಎಳೆದ. ಗಳಗಳ ಎಂದು ನೀರು ಸುರಿಯಿತು.

"ನೋಡಿ ಮೇಡಂ, ಪೈಪ್ ಕ್ಲೀನ್ ಇದೆ. ಏನೂ ತೊಂದ್ರೆ ಇಲ್ಲ."

ಅವನು ಮೆಟ್ಟಿಲಿಳಿದ. ಅವಳು ಪೈಪಿನ ತುದಿಯನ್ನು ಶುಭ್ರವಾಗಿ ಒರೆಸಿ, ಮತ್ತೆ ಕ್ಯಾನಿನ ತಳಕ್ಕೆ ಇಳಿಸಿದಳು. ಸಂಜೆಗೆ ಅತ್ತೆಯ ಕನ್ನಡಕದ ಮೇಲೆ ಟಪ್!

ಅವಳು ಫೋನು ಎತ್ತಿದಳು. "ಏನಪ್ಪಾ, ಮತ್ತೆ ಸೋರ್ತಿದೆ!"

"ನಾನಿದ್ದಾಗ ಸರಿ ಇತ್ತಲ್ಲ ಮೇಡಂ?"

"ಹಾಗಂತ ನಿಮ್ಮನ್ನ ಇಲ್ಲೇ ಇಟ್ಕೊಂಡು ಸಾಕಕ್ಕಾಗುತ್ತಾ?"

ಭಾನುವಾರ ಬೆಳಿಗ್ಗೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ತರಿಸಿದಳು.

"ಕೂಸು ಹೆತ್ತವಳಿಗೆ ಒಂದು ಪೈಪ್ ಯಾವ ಲೆಕ್ಕ? ಇವತ್ತು ಇದರ ಹುಟ್ಟಡಗಿಸ್ತೀನಿ."

"ಮೊದಲು ಕ್ಯಾನ್ ನೋಡಿದ್ಯಾ?" ಎಂದ ಗಂಡ. ಒಂದು ಕಂಕುಳಲ್ಲಿ ಸೈರನ್, ಒಂದು ಕೈಯಲ್ಲಿ ಹಾಲಿನ ಬಾಟಲಿ.

"ಅದು ಇನ್ನೂ ತುಂಬೇ ಇಲ್ಲ ರೀ. ತುಂಬಿ ಚೆಲ್ಲಿದ್ರೆ ಕ್ಯಾನಿನ ತಪ್ಪು. ತೊಂದ್ರೆ ಇರೋದು ಮೇಲೆ!"

ಮೇಲೆ ಹತ್ತಿದಳು. ಸೀಲಿಂಗಿನ ಮುಚ್ಚಳ ತೆಗೆದಳು. ಟ್ರೇಯಲ್ಲಿ ನೀರು ಕೆರೆಯಂತೆ ನಿಂತಿತ್ತು. ಪಾಚಿ ಕಟ್ಟಿಕೊಂಡಿರಬೇಕೆಂದು ತೀರ್ಮಾನಿಸಿ, ಬೆಚ್ಚಗಿನ ನೀರಿಗೆ ವಿನೆಗರ್ ಬೆರೆಸಿ ಒಂದು ಮಗ್ ಸುರಿದಳು. ಕೆರೆ ಕೋಡಿ ಬಿತ್ತು. ವಿನೆಗರಿನ ಅಭಿಷೇಕ ನೇರ ಗಂಡನ ತಲೆಗೆ.

"ಏನೇ ಇದು, ನನ್ನನ್ನ ಉಪ್ಪಿನಕಾಯಿ ಹಾಕ್ತಿದ್ಯಾ?"

"ಅಲ್ಲಿ ಯಾಕೆ ನಿಂತಿದ್ರಿ? ಮೊದಲು ಮಗೂನ ನೋಡಿ, ಅಳ್ತಿದ್ದಾಳೆ!"

"ಹಾಲು ಬರ್ತಾ ಇಲ್ಲ ಕಣೇ. ಚೀಪಿ ಚೀಪಿ ಸಿಟ್ಟು ಬಂದಿದೆ ಅವಳಿಗೆ."

ಏಣಿಯ ಮೇಲಿಂದಲೇ ಉಪದೇಶ ಇಳಿಯಿತು. "ಮುಚ್ಚಳಾನ ಅಷ್ಟು ಬಿಗಿ ಮಾಡ್ಬೇಡಿ ಅಂತ ಎಷ್ಟು ಸಲ ಹೇಳ್ಲಿ? ಸ್ವಲ್ಪ ಸಡಿಲ ಬಿಡಿ, ಗಾಳಿ ಆಡ್ಲಿ. ಗಾಳಿಗೆ ದಾರಿ ಇಲ್ದಿದ್ರೆ ಹಾಲಿಗೂ ದಾರಿ ಇಲ್ಲ. ಇಷ್ಟೂ ಗೊತ್ತಾಗಲ್ವಾ ನಿಮಗೆ?"

ಗಂಡ ಮುಚ್ಚಳ ಸಡಿಲಿಸಿದ. ಗುಳುಗುಳು ಎಂದು ಹಾಲು ಹರಿಯಿತು. ಸೈರನ್ ತಣ್ಣಗಾಯಿತು.

ಅಷ್ಟರಲ್ಲಿ ಟ್ರೇಯ ನೀರೂ ಸರಸರನೆ ಇಳಿಯತೊಡಗಿತು! ಅವಳು ಕಣ್ಣರಳಿಸಿ ನೋಡಿದಳು. ಕೆರೆ ಬತ್ತಿ ತಳ ಕಂಡಿತು.

"ಗೆದ್ದೆ! ನೋಡಿದ್ರಾ ವಿನೆಗರ್ ಮಹಿಮೆ? ಆ ರಿಪೇರಿಯವನಿಗೆ ನಾನೇ ಟ್ರೈನಿಂಗ್ ಕೊಡ್ಬೇಕು!"

ಆ ಮಧ್ಯಾಹ್ನ ಒಂದು ಹನಿಯೂ ಬೀಳಲಿಲ್ಲ. ಯಂತ್ರ ಗುಂಯ್‌ಗುಟ್ಟಿತು. ಮಗಳು ಮುಷ್ಟಿ ಬಿಚ್ಚಿ, ಬಾಯಿ ಅರೆ ತೆರೆದು ಮಲಗಿದಳು. ಅವಳು ಪಕ್ಕದಲ್ಲೇ ಒರಗಿ, ಆ ಪುಟ್ಟ ಅಂಗೈಯಲ್ಲಿ ತನ್ನ ಬೆರಳಿಟ್ಟು, ನಾಳೆ ಈ ಹೊತ್ತಿಗೆ ಈ ಬೆರಳು ಕೀಬೋರ್ಡಿನ ಮೇಲಿರುತ್ತದಲ್ಲ ಎಂದು ನೆನೆದಳು. ಕಣ್ಣು ತುಸು ಒದ್ದೆಯಾಯಿತು. ಸದ್ಯ, ಮನೆಯಲ್ಲಿ ಸೋರುತ್ತಿದ್ದದ್ದು ಈಗ ಅದೊಂದೇ.

ಸಂಜೆ ಬಾಲ್ಕನಿಗೆ ಹೋದರೆ ಪೈಪು ಕ್ಯಾನಿನ ಹೊರಗೆ ಜೋತುಬಿದ್ದಿತ್ತು. ನೀರೆಲ್ಲ ಚರಂಡಿ ಪಾಲು!

"ಅಯ್ಯೋ ಅತ್ತೆ, ಇದನ್ನ ಯಾರು ಹೊರಗೆ ತೆಗೆದಿದ್ದು?"

"ನಾನೇ ಕಣಮ್ಮ. ಬೆಳಿಗ್ಗೆ ನೀನು ಏಣಿ ಮೇಲಿದ್ದಾಗ ನೆಲ ಒರೆಸೋಣ ಅಂತ ಅರ್ಧ ಕ್ಯಾನ್ ಬಕೆಟ್ಟಿಗೆ ಬಗ್ಗಿಸ್ಕೊಂಡೆ. ಪೈಪ್ ಹೊರಗೇ ಉಳೀತು."

"ಪರ್ವಾಗಿಲ್ಲ ಬಿಡಿ," ಎಂದು ದೊಡ್ಡ ಮನಸ್ಸು ಮಾಡಿ, ಅವಳು ಪೈಪನ್ನು ಮತ್ತೆ ತಳ ಮುಟ್ಟಿಸಿದಳು.

ಊಟವಾದ ಮೇಲೆ ನಡುಮನೆಯಲ್ಲಿ ನಿಂತು ಆಫೀಸಿನ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಕಾಲರಿನ ಮಡಿಕೆ ಬಿಡಿಸಿ, ಹಿಂದೆ ಸರಿದು, ಅಂದ ನೋಡಿದಳು.

ಟಪ್. ಕಾಲರಿನ ಮೇಲೆ.

"ರೀ! ಏಣಿ ತನ್ನಿ! ವಿನೆಗರ್ ಎಲ್ಲಿ?"

"ಏಣಿ ಬೇಡಮ್ಮ," ಅತ್ತೆ ಕೂತಲ್ಲಿಂದಲೇ ನಿಧಾನವಾಗಿ ಹೇಳಿದರು. "ಬೆಳಿಗ್ಗೆ ನಾನು ಪೈಪ್ ಹೊರಗೆ ತೆಗೆದೆ, ಸೋರೋದು ನಿಂತಿತು. ಸಂಜೆ ನೀನು ಮುಳುಗಿಸಿದೆ, ಶುರುವಾಯ್ತು. ಮೊನ್ನೆ ಆ ರಿಪೇರಿಯವನು ತೆಗೆದಾಗ್ಲೂ ಹೀಗೇ ಆಗಿತ್ತಲ್ವಾ?"

ಗಂಡ ಬಾಲ್ಕನಿಗೆ ಹೋಗಿ ಪೈಪನ್ನು ಕ್ಯಾನಿನ ನೀರಿನಿಂದ ಮೇಲಕ್ಕೆ ಎತ್ತಿದ. ಅದು ಒಮ್ಮೆ ತೇಗಿ, ಗಳಗಳ ಎಂದು ನೀರು ಸುರಿಸಿತು. ಅವನು ಬಾಗಿಲಲ್ಲಿ ನಿಂತು ಹಾಲಿನ ಬಾಟಲಿ ಎತ್ತಿ ಹಿಡಿದ. ಮುಖ ಮಾತ್ರ ಬಹಳ ಗಂಭೀರ.

"ಗಾಳಿಗೆ ದಾರಿ ಇಲ್ದಿದ್ರೆ..."

"ಸಾಕು ಸುಮ್ನಿರಿ!"

ತುದಿ ನೀರಿನಲ್ಲಿ ಮುಳುಗಿದ್ದರಿಂದ ಪೈಪಿನ ಒಳಗೆ ಸಿಕ್ಕಿಬಿದ್ದ ಗಾಳಿಗೆ ಹೊರಹೋಗಲು ಜಾಗವಿರಲಿಲ್ಲ. ಅದು ಸರಿಯದೆ ನೀರು ಇಳಿಯುವಂತಿರಲಿಲ್ಲ. ಏಣಿಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಪಾಠ ಹೇಳಿದ್ದವಳೇ ಅದನ್ನು ದಿನಗಟ್ಟಲೆ ಉಸಿರುಕಟ್ಟಿಸಿ ಇಟ್ಟಿದ್ದಳು. ಅವಳು ಪೈಪನ್ನು ಕ್ಯಾನಿನ ಕುತ್ತಿಗೆಗೆ ದಾರದಿಂದ ಕಟ್ಟಿದಳು, ನೀರಿಗೆ ತಾಗದಂತೆ, ಗಾಳಿಯಲ್ಲಿ.

ಸೋಮವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಅತ್ತೆ, ಹಾಲು ಮಣಿಕಟ್ಟಿನ ಮೇಲೆ ಹಾಕಿ ನೋಡಿ ಕೊಡಿ. ಮಲಗಿಸೋವಾಗ ಎಡಮಗ್ಗುಲು. ಎದ್ದ ತಕ್ಷಣ ಎತ್ಕೋಬೇಡಿ, ಎತ್ಕೊಂಡ್ರೆ ಇಳಿಸ್ಬೇಡಿ. ಹಳದಿ ಟೋಪಿ ಬೇಡ, ನೀಲಿದು ಹಾಕಿ. ನಾನು ಗಂಟೆಗೊಂದ್ಸಲ ಫೋನ್ ಮಾಡ್ತೀನಿ. ಇಲ್ಲ, ಅರ್ಧ ಗಂಟೆಗೆ..."

ಅತ್ತೆ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ನಕ್ಕರು.

"ಹೋಗ್ಬಾ ತಾಯಿ. ನಮ್ಮ ಮುಚ್ಚಳಾನೂ ಸ್ವಲ್ಪ ಸಡಿಲ ಬಿಡು. ಗಾಳಿ ಆಡ್ಲಿ!"